ಹೊಗೆ ಕೆಳಗಿಳಿಯುತ್ತಿದ್ದ ಮನೆ

ಜೀಷಾನನನ್ನು ಮಂತ್ರವಾದಿ ಅಂದುಕೊಂಡವರಲ್ಲಿ ಹುಣಸಮಾರನಹಳ್ಳಿಯ ಮುನಿಕೃಷ್ಣಮ್ಮ ಮೊದಲಿನವರೇನಲ್ಲ. ಅವನು ನನ್ನ ಸ್ನೇಹಿತ, ಮತ್ತಿಕೆರೆಯಲ್ಲಿ ತಗಡಿನ ಕೆಲಸದ ಅಂಗಡಿ ಇಟ್ಟುಕೊಂಡಿದ್ದಾನೆ. ಮೊದಲು ಹೋಟೆಲುಗಳಿಗೆ ಹೊಗೆ ಕೊಳವೆ ಮಾಡಿಕೊಡುತ್ತಿದ್ದ. ಈಗ ದೊಡ್ಡ ಮನೆಗಳ ಫೈರ್‌ಪ್ಲೇಸ್ ಕೋಣೆಯೊಳಗೇ ಹೊಗೆ ಕಾರಿದರೆ ಸರಿ ಮಾಡಲು ಹೋಗುತ್ತಾನೆ. ಇಟ್ಟಿಗೆ ಕೆಲಸವಿದ್ದರೆ ಗಾರೆಯವನಾದ ನನ್ನನ್ನೂ ಕರೆಯುತ್ತಾನೆ. ನಮ್ಮೂರಿನ ಚಳಿಗೆ ಫೈರ್‌ಪ್ಲೇಸ್ ಯಾಕೆ ಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜಮೀನಿಗೆ ಬೆಲೆ ಬಂದ ಮೇಲೆ ಜನ ಏನು ಬೇಕಾದರೂ ಕಟ್ಟಿಸುತ್ತಾರೆ.

ಜನ ತಪ್ಪು ತಿಳಿಯುವುದಕ್ಕೆ ಕಾರಣ ಅವನ ಧೂಪದಾನಿ. ಅವನ ಅಪ್ಪ ಯಶವಂತಪುರದಲ್ಲಿ ಅಂಗಡಿ ಅಂಗಡಿಗೂ ಹೋಗಿ ಲೋಬಾನದ ಹೊಗೆ ಹಾಕಿ, ಒಳ್ಳೆಯ ಮಾತು ಹೇಳಿ, ಕೊಟ್ಟಷ್ಟು ಇಸಿದುಕೊಂಡು ಬದುಕಿದವರು. ಅವರ ಹಿಂದೆ ಹೋಗಲು ಇವನಿಗೆ ನಾಚಿಕೆ. ಅದಕ್ಕೇ ತಗಡಿನ ಕೆಲಸ ಕಲಿತ. ಆದರೆ ಚಿಮಣಿ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೋ ಇಲ್ಲವೋ ನೋಡಬೇಕಾದರೆ ದಟ್ಟವಾದ ಹೊಗೆ ಬೇಕು, ಲೋಬಾನಕ್ಕಿಂತ ಒಳ್ಳೆಯದು ಯಾವುದೂ ಸಿಗಲಿಲ್ಲ. ಗಡ್ಡದ ಸಾಬರೊಬ್ಬರು ಧೂಪ ಹಿಡಿದು, ಕಣ್ಣು ಕಿರಿದು ಮಾಡಿ, ಬಾಯಲ್ಲೇ ಏನೋ ಗೊಣಗುತ್ತಾ ಕೂತರೆ ನೋಡಿದವರು ಇನ್ನೇನು ತಿಳಿಯಬೇಕು? ಅವನು ಗೊಣಗುವುದು ಮಂತ್ರವಲ್ಲ, ಚಿಮಣಿ ಕಟ್ಟಿದವನಿಗೆ ಬೈಗುಳ.

ಕಳೆದ ಧನುರ್ಮಾಸದಲ್ಲಿ ಮುನಿಕೃಷ್ಣಮ್ಮ ಫೋನ್ ಮಾಡಿದ್ದರು. "ಸಾಬ್ರೆ, ನಮ್ಮನೆ ಬೆಂಕಿಗೂಡಲ್ಲಿ ಏನೋ ಸೇರ್ಕಂಡೈತೆ. ಬಂದು ಓಡ್ಸಿ." ಹಕ್ಕಿಯೋ ಅಳಿಲೋ ಇರಬೇಕು ಎಂದುಕೊಂಡು ಸಂಜೆ ಹೋದೆವು.

ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಸಂದುಗಳಿಗೆ ಹಳೇ ಬಟ್ಟೆ ತುರುಕಿ ಬೇವಿನ ಸೊಪ್ಪು ಸಿಕ್ಕಿಸಿದ್ದರು. ನಡುಮನೆಯಲ್ಲಿ ಫೈರ್‌ಪ್ಲೇಸಿನ ಕೆಂಡದ ಮುಂದೆ ಮುನಿಕೃಷ್ಣಮ್ಮನವರ ಸೊಸೆ ಯಶೋಧಾ ಮಣೆಯ ಮೇಲೆ ಕೂತಿದ್ದಳು. ತುಂಬು ಬಸುರಿ. ನಾವು ಬಂದದ್ದನ್ನೂ ನೋಡದೆ ಆ ಕಪ್ಪು ಬಾಯಿಯ ಕಡೆ ತಿರುಗಿ, "ಹೂಂ... ಆಮೇಲೆ?" ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು ನಕ್ಕಳು.

"ದಿನಾ ಇಂಗೇ ಸಾಬ್ರೆ," ಎಂದರು ಮುನಿಕೃಷ್ಣಮ್ಮ. "ಕೆಂಡದ ಮುಂದೆ ಕುಂತ್ಕಂಡು ಯಾರ್ ಜೊತೇಲೋ ಮಾತಾಡ್ತಾಳೆ. ತಲೆನೋವು ಅಂತಾಳೆ, ತಲೆ ತಿರುಗಿ ಬೀಳ್ತಾಳೆ. ಇನ್ನೊಂದು ಒಳಕ್ ಬರ್ದಿರ್ಲಿ ಅಂತ ಎಲ್ಲಾ ಮುಚ್ಸಿವ್ನಿ."

ಜೀಷಾನ್ ಲೋಬಾನ ಹಾಕಿ ಧೂಪದಾನಿಯನ್ನು ಚಿಮಣಿಯ ಬಾಯಿಗೆ ಹಿಡಿದ. ಹೊಗೆ ಮೇಲೇರಲಿಲ್ಲ. ಒಂದು ಕ್ಷಣ ತಡೆದು ನಿಂತು, ಮೇಲಿನಿಂದ ಯಾರೋ ಊದಿದ ಹಾಗೆ ಕೆಳಗೆ ಬಗ್ಗಿ, ನೆಲದ ಮೇಲೆ ಹರಿದು, ಸೀದಾ ಯಶೋಧಾಳ ಮಡಿಲಿಗೆ ಬಂತು. ಅವಳು ಅದನ್ನು ಕೈಯಿಂದ ಮೆಲ್ಲಗೆ ಸವರಿದಳು.

"ನಿಮ್ಗೂ ಕೇಳಿಸ್ತಾ ಅಣ್ಣಾ?" ಎಂದು ನನ್ನನ್ನೇ ಕೇಳಿದಳು. ನನ್ನ ತಲೆಯೂ ಭಾರವಾಗತೊಡಗಿತ್ತು. ಏನೂ ಕೇಳಿಸಲಿಲ್ಲ ಎಂದು ಇವತ್ತು ಧೈರ್ಯವಾಗಿ ಹೇಳಬಲ್ಲೆ. ಆಗ ಅಷ್ಟು ಖಾತ್ರಿ ಇರಲಿಲ್ಲ.

ಜೀಷಾನನ ಮುಖ ಬಿಳಿಚಿಕೊಂಡಿತು. ಹಿಂದೆ ಒಂದು ಹೋಟೆಲಿನಲ್ಲಿ ಇದ್ದಿಲು ಒಲೆಯ ಪಕ್ಕ ಮಲಗಿದ ಅಡುಗೆಯವನೊಬ್ಬ ಬೆಳಿಗ್ಗೆ ಏಳಲೇ ಇಲ್ಲ. ಹೆಣವನ್ನು ಹೊರಗೆ ಎತ್ತಿ ತಂದವರಲ್ಲಿ ಇವನೂ ಒಬ್ಬ.

"ಅಮ್ಮಾ, ಇದು ದೆವ್ವ ಅಲ್ಲ," ಎಂದ. "ಕೆಂಡದ ಹೊಗೆ ಮೇಲಕ್ಕೆ ಹೋಗ್ತಿಲ್ಲ. ಅದ್ರಲ್ಲಿ ಕಣ್ಣಿಗೆ ಕಾಣ್ದೇ ಇರೋ ವಿಷ ಇರುತ್ತೆ. ತಲೆ ಕೆಡ್ಸುತ್ತೆ, ಪ್ರಾಣಾನೂ ತೆಗಿಯುತ್ತೆ. ಹೊಟ್ಟೇಲಿರೋ ಮಗೂಗೆ ಇನ್ನೂ ಅಪಾಯ. ಮೊದ್ಲು ಕಿಟಕಿ ತೆಗೀರಿ."

"ಒಗೆ ಎಲ್ಲಾರಾ ಮಾತಾಡ್ತದಾ?" ಮುನಿಕೃಷ್ಣಮ್ಮ ಕಿಟಕಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. "ತೆಗಿಯಕ್ಕಿಲ್ಲ. ಒರಗಡೆ ಇರೋದೂ ಒಳಕ್ ಬತ್ತದೆ."

ಕಿಟಕಿ ಗಾಜು ಒಡೆಯಲೆಂದು ನಾನು ಸುತ್ತಿಗೆಗೆ ಕೈ ಹಾಕಿದೆ. ಜೀಷಾನ್ ನನ್ನ ಕೈ ತಡೆದು, ಕಣ್ಣು ಮುಚ್ಚಿ, ಧೂಪದಾನಿ ಎತ್ತಿಕೊಂಡ. ಆಮೇಲೆ ಅವನ ಬಾಯಿಂದ ಬಂದ ದನಿಯನ್ನು ನಾನು ಮುಂಚೆ ಕೇಳಿರಲಿಲ್ಲ.

"ಒಪ್ಕೊಂಡಿದೆ ಅಮ್ಮಾ. ಹೋಗ್ತೀನಿ ಅಂತಿದೆ. ದಾರಿ ಬಿಡಿ. ಕಿಟಕಿ, ಬಾಗ್ಲು ಎಲ್ಲಾ ತೆಗೀರಿ. ಕೆಂಡ ಹೊರಗೆ ಹಾಕ್ಸಿ. ಸೊಸೇನ ಈಗ್ಲೇ ಆಸ್ಪತ್ರೆಗೆ ಸೇರ್ಸಿ, ಅಲ್ಲಿಗೆ ಅದು ಕಾಲಿಡಲ್ಲ."

ಮುನಿಕೃಷ್ಣಮ್ಮ ಆ ವಯಸ್ಸಿನಲ್ಲಿ ಓಡಾಡಿ ಕಿಟಕಿ ತೆಗೆದರು. ಜೀಷಾನ್ ವಾಪಸ್ ಬರುವ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಯಾವ ವೇಷ ಬೇಡವೆಂದು ಓಡಿಹೋಗಿದ್ದನೋ ಅದನ್ನೇ ಹಾಕಬೇಕಾಯಿತಲ್ಲ ಎಂದು ನನಗೂ ಬೇಜಾರಾಯಿತು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ತಾಯಿ, ಹೊಟ್ಟೆಯೊಳಗಿನ ಮಗು ಇಬ್ಬರೂ ಉಳಿದರು. ಅವಳು ಮನೆಗೆ ಬಂದ ಮೇಲೆ ನಾವು ತಾರಸಿ ಹತ್ತಿದೆವು. ನೀರಿನ ಟ್ಯಾಂಕಿಗಿಂತ ಎತ್ತರ ಏನೂ ಇರಕೂಡದೆಂದು ವಾಸ್ತುವಿನವನು ಹೇಳಿದ್ದಕ್ಕೆ ಚಿಮಣಿಯನ್ನು ಮೊಟಕು ಮಾಡಿಸಿದ್ದರು. ಟ್ಯಾಂಕಿಗೆ ಬಡಿದ ಗಾಳಿಯೆಲ್ಲ ಚಿಮಣಿಯೊಳಗೆ ಬೀಳುತ್ತಿತ್ತು. ಯಶೋಧಾಳ ಗಂಡ ವಿಜಯ್ ಕುಮಾರ್ ಎಂದಿನಂತೆ ಯಾವುದೋ ಕಟ್ಟಡದ ಕೆಲಸದ ಮೇಲಿದ್ದ, ಚಿಮಣಿ ಎತ್ತರಿಸಲು ಫೋನಿನಲ್ಲೇ ಒಪ್ಪಿದ. ನಾನು ಚಿಮಣಿಯನ್ನು ಟ್ಯಾಂಕಿನ ನೆತ್ತಿ ದಾಟಿಸಿದೆ. ಜೀಷಾನ್ ಮೇಲೆ ತಗಡಿನ ಟೋಪಿ ಕೂರಿಸಿದ.

ಕಿಟಕಿ ತೆಗೆದಿಟ್ಟು ಬೆಂಕಿ ಹಾಕಿದಾಗ ಲೋಬಾನದ ಹೊಗೆ ಸರ್ರನೆ ಮೇಲೆ ಹೋಯಿತು. ಯಶೋಧಾ ಬೆಂಕಿಗೂಡಿನ ಹತ್ತಿರ ಬಂದು ತುಂಬಾ ಹೊತ್ತು ಕಿವಿಗೊಟ್ಟು ನಿಂತಳು.

"ಹೋಗ್ಬಿಡ್ತಾ ಅಣ್ಣಾ?"

"ಹೋಯ್ತಮ್ಮಾ. ಇನ್ನು ಬರಲ್ಲ," ಎಂದ ಜೀಷಾನ್.

ಅವಳ ಕಣ್ಣು ತುಂಬಿತು. "ಊಟ ಆಯ್ತಾ ಅಂತ ಕೇಳೋದು. ಕಾಲು ನೋಯ್ತಿದ್ಯಾ ಅಂತ ಕೇಳೋದು. ಈ ಮನೇಲಿ ನನ್ನ ಮಾತಾಡಿಸ್ತಿದ್ದಿದ್ದು ಅದೊಂದೇ."

ಅಡುಗೆಮನೆ ಬಾಗಿಲಲ್ಲಿ ಮುನಿಕೃಷ್ಣಮ್ಮ ನಿಂತಿದ್ದರು. ಕೆಟ್ಟವರಲ್ಲ, ಸೊಸೆಗೆಂದು ಬಿಸಿ ಹಾಲು ಹಿಡಿದುಕೊಂಡೇ ಬಂದಿದ್ದರು.

ಜೀಷಾನ್ ಧೂಪದಾನಿ ಚೀಲಕ್ಕೆ ಇಡಲು ಹೋದವನು ನಿಂತ. ಮತ್ತೆ ಅದೇ ದನಿಯಲ್ಲಿ ಹೇಳಿದ: "ಅಮ್ಮಾ, ಒಂದು ಕಟ್ಟಳೆ ಇದೆ. ದಿನಾ ಸಂಜೆ ನೀವು ಸೊಸೆ ಪಕ್ಕ ಕೂತು ಮಾತಾಡ್ಬೇಕು. ತಪ್ಪಿಸಿದ್ರೆ ಅದು ವಾಪಸ್ ಬರುತ್ತೆ."

ಮುನಿಕೃಷ್ಣಮ್ಮ ಬಂದು ಯಶೋಧಾಳ ಪಕ್ಕ ಕೂತರು. ಹಾಲಿನ ಲೋಟ ಕೊಟ್ಟರು. ಸೊಸೆಯ ಮುಖ ನೋಡಿದರು, ಬೆಂಕಿ ನೋಡಿದರು. ಆಮೇಲೆ ನಿಜವಾಗಿಯೂ ಹೆದರಿ, ಜೀಷಾನನನ್ನು ಮೆಲ್ಲಗೆ ಕೇಳಿದರು.

"ಏನ್ ಮಾತಾಡ್ಬೇಕು ಸಾಬ್ರೆ?"