ಖಾಲಿ ಹಿಂತಿರುಗದ ಡಬ್ಬಿ

ನನ್ನ ಮೇಜಿನ ಮೇಲೆ, ತಿದ್ದಲು ಕಾದು ಕುಳಿತ ಉತ್ತರಪತ್ರಿಕೆಗಳ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿಯಿದೆ. ಮುಚ್ಚಳದ ಮೇಲೆ 'ಜಯಮ್ಮ, ಹಳ್ಳಿಮೈಸೂರು' ಎಂದು ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು, ತಳದಲ್ಲಿ ಸಣ್ಣದೊಂದು ನೆಗ್ಗು. ಹಾಸನದ ಎಂ.ಎ. ಮಕ್ಕಳಿಗೆ ಅಮೆರಿಕದ ಸಂಸ್ಕೃತಿಯನ್ನು ಪರಿಚಯಿಸುವ ಮೇಷ್ಟರ ಮೇಜಿನ ಮೇಲೆ ಭೂಗೋಳವೋ ಬಾವುಟವೋ ಇರಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದವನು.

ಆ ದೇಶವನ್ನು ನಾನು ಕಂಡದ್ದು ಒಂದೇ ಚಳಿಗಾಲದ ಮಟ್ಟಿಗೆ. ಆದರೂ ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳ ಮುಂದೆ ನಿಂತರೆ, ಅಲ್ಲೇ ಹುಟ್ಟಿ ಬೆಳೆದವನ ಗತ್ತು ತಾನಾಗಿ ಬಂದುಬಿಡುತ್ತಿತ್ತು. ನನ್ನ ಮೊದಲ ಪಾಠದ ಮೊದಲ ಸೂತ್ರವಿದು: ಅಲ್ಲಿನವರು ಬೇಡವೆಂದರೆ ಬೇಡವೇ, ಮತ್ತೆ ಬಲವಂತ ಮಾಡಿದರೆ ಅವರ ಮಾತನ್ನು ನಂಬದೆ ಹೋದಂತೆ. ಅಲ್ಲಿ ಒಂದು ಮನೆಯಲ್ಲಿ ನಮ್ಮೂರ ಸಂಕೋಚದಿಂದ ಬೇಡವೆಂದು, ಎರಡನೆಯ ಸಲ ಕೇಳುವವರಿಲ್ಲದೆ ಹಸಿದು ಮಲಗಿದ ಅನುಭವದಿಂದ ಹುಟ್ಟಿದ ಸೂತ್ರ. ಮಕ್ಕಳು ಅದರ ಕೆಳಗೆ ಗೆರೆ ಎಳೆದುಕೊಳ್ಳುವುದನ್ನು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು.

ಕಳೆದ ವರ್ಷ ಕ್ಯಾರಲ್ ಎಂಬ ಅಮೆರಿಕದ ಅಧ್ಯಾಪಕಿ ಎರಡು ತಿಂಗಳ ಮಟ್ಟಿಗೆ ನಮ್ಮ ವಿಭಾಗಕ್ಕೆ ಬಂದರು. ವಿದ್ಯಾರ್ಥಿನಿ ರೂಪಾ ಅವರನ್ನೂ ನನ್ನನ್ನೂ ಹಳ್ಳಿಮೈಸೂರಿನ ತನ್ನ ಮನೆಗೆ ಕರೆದಳು. ಅವಳ ತಾಯಿ ಜಯಮ್ಮ ಬೆಳಗಿನಿಂದ ಕೂತು ಒತ್ತು ಶಾವಿಗೆ ಒತ್ತಿ, ಕಾಯಿಹಾಲು ಮಾಡಿದ್ದರು. ಏಲಕ್ಕಿಯ ಪರಿಮಳ ಬಾಗಿಲಲ್ಲೇ ನಮ್ಮನ್ನು ಎದುರುಗೊಂಡಿತು. "ಊಟ ಮಾಡ್ತೀರಾ?" ಎಂದು ಜಯಮ್ಮ ಕೇಳಿದರು. ಕ್ಯಾರಲ್ ನಕ್ಕು ಬೇಡವೆಂದರು. ನಾನು, ಸೂತ್ರಕಾರನಾದ ನಾನೇ, ಹುಟ್ಟಿದಾರಭ್ಯದ ಅಭ್ಯಾಸದಂತೆ "ಈಗ ತಾನೇ ತಿಂಡಿ ಆಯ್ತಮ್ಮಾ" ಎಂದು ಹೊಟ್ಟೆ ಸವರಿಕೊಂಡೆ. ಜಯಮ್ಮ ಮಗಳ ಮುಖ ನೋಡಿದರು. ರೂಪಾ ಕಣ್ಣಿನಲ್ಲೇ ಬಲವಂತ ಬೇಡ ಎಂದಳು. ಕಾಫಿ ಬಂತು, ಮಾತು ಮುಗಿಯಿತು, ನಾವು ಎದ್ದೆವು.

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಸುಲಿಯುತ್ತಾ ಕ್ಯಾರಲ್ ಮೆಲ್ಲನೆ ಕೇಳಿದರು, ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ಸಲ ಕೇಳುತ್ತಾರೆ ಎಂದು. ಮೊದಲ ಸಲಕ್ಕೇ ಹೂಂ ಅಂದರೆ ಆಸೆಬುರುಕರೆಂದುಕೊಳ್ಳುತ್ತಾರೆ, ಮೂರನೆಯ ಸಲದವರೆಗೆ ಕಾಯಬೇಕು ಎಂದು ಹೊರಡುವ ಮುನ್ನ ಯಾರೋ ಅವರಿಗೂ ಪಾಠ ಹೇಳಿದ್ದರಂತೆ. ನಮ್ಮನ್ನು ಅವರು ಕಲಿತು ಬಂದಿದ್ದರು, ಅವರನ್ನು ನಾವು ಕಲಿತು ಕೂತಿದ್ದೆವು, ನಡುವೆ ಶಾವಿಗೆ ಆರಿಹೋಯಿತು. ಪುಸ್ತಕದ ಬದನೆಕಾಯಿ ಸಾರಿಗಾಗದು ಎಂಬುದನ್ನು ನಾನು ಆ ದಿನ ಹೊಟ್ಟೆಯಿಂದಲೇ ಕಲಿತೆ.

ಬಸ್ಸಿನುದ್ದಕ್ಕೂ ಇಬ್ಬರೂ ನಕ್ಕೆವು. ಆ ನಗು ಮರುದಿನಕ್ಕೆ ಉಳಿಯಲಿಲ್ಲ. ರೂಪಾ ಡಬ್ಬಿ ಹಿಡಿದು ಬಂದು, ತಲೆ ಬಗ್ಗಿಸಿ ನಿಂತಳು. "ಸಾ, ನಮ್ಮವ್ವ ನೆನ್ನೆಯಿಂದ ನನ್ ತಾವ ಮಾತೇ ಆಡ್ತಿಲ್ಲ. ಮನೆಗ್ ಬಂದೋರ್ನ ಅಸ್ಕಂಡು ಕಳ್ಸೋದು ಕಲ್ಸೋ ಪಾಠ ನಿಂಗ್ಯಾಕೆ, ಬುಟ್ಬುಡು ಅಂತಾವ್ಳೆ. ಬ್ಯಾರೆ ವಿಷಯ ತಗೊಳ್ಳಾ ಸಾ?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಒಂದು ದೇಶವನ್ನು ಬೇಕು-ಬೇಡಗಳ ಪಟ್ಟಿಯಾಗಿ ಬರೆಸಿದ್ದೆ. ಆ ಪಟ್ಟಿ ಒಬ್ಬ ತಾಯಿಯ ಬಡಿಸುವ ಕೈಯನ್ನು ಹಿಡಿದು ನಿಲ್ಲಿಸಿಬಿಟ್ಟಿತ್ತು. ಡಬ್ಬಿಯಲ್ಲಿ ಕಜ್ಜಾಯಗಳಿದ್ದವು. ಮುನಿಸಿನಲ್ಲೂ ಆಕೆಗೆ ನಮ್ಮ ಹಸಿವಿನದೇ ಯೋಚನೆ. ಕ್ಯಾರಲ್ ಯಾರೂ ಕೇಳದೆಯೇ ಎರಡು ತಿಂದರು. ಕೊಟ್ಟ ಪಾತ್ರೆಯನ್ನು ನಮ್ಮ ಕಡೆ ಖಾಲಿ ಹಿಂತಿರುಗಿಸುವುದಿಲ್ಲ ಎಂದಷ್ಟೇ ನಾನು ಅವರಿಗೆ ಹೇಳಿದೆ.

ಭಾನುವಾರ ಅವರು ಮುಸುಕಿನ ಜೋಳದ ಹಿಟ್ಟಿಗೆ ಮೊಸರು, ಬೆಲ್ಲ ಬೆರೆಸಿ, ಬಾಣಲೆಯಲ್ಲಿ ದಪ್ಪ ರೊಟ್ಟಿ ಬೇಯಿಸಿದರು. ತಮ್ಮ ಅಜ್ಜಿ ಮಾಡುತ್ತಿದ್ದದ್ದಂತೆ. ಡಬ್ಬಿಗೆ ತುಂಬಿಕೊಂಡು ಮತ್ತೆ ಹಳ್ಳಿಮೈಸೂರಿನ ಬಸ್ಸು ಹತ್ತಿದೆವು.

ಜಯಮ್ಮ ಮುಚ್ಚಳ ತೆರೆದು ಮೂಸಿದರು. "ಅಯ್ಯೋ ಶಿವನೇ, ಇದು ನಾವು ದನಕ್ಕೆ ಇಕ್ಕೋ ಜ್ವಾಳ ಅಲ್ವಾ!" ಕ್ಯಾರಲ್ ಒಂದು ತುಂಡು ಮುಂದೆ ಹಿಡಿದರು. "ಬ್ಯಾಡ ಕಣವ್ವ, ಈಗ್ ತಾನೆ ಉಂಡೆ." ಕ್ಯಾರಲ್ ತಮಗೆ ಗೊತ್ತಿದ್ದ ಕನ್ನಡವನ್ನೆಲ್ಲ ಒಟ್ಟುಮಾಡಿ "ಸ್ವಲ್ಪ ತಿನ್ನಿ" ಎಂದರು. ಮತ್ತೆ ಎಂದರು. ಮೂರನೆಯ ಸಲಕ್ಕೆ ಜಯಮ್ಮ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಮಗಳ ಬಾಯಿಗೂ ಒಂದು ತುಂಡು ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಕೇಳೋದೇನ್ ಬಂತು ಮೇಷ್ಟ್ರೇ? ಎಲೆ ಆಕ್ಬುಡೋದು" ಎಂದು ನಿಜಕ್ಕೂ ಎಲೆ ಹಾಕಿಬಿಟ್ಟರು.

ರೂಪಾ ನನ್ನ ತರಗತಿಯಲ್ಲೇ ಉಳಿದಳು. ಡಬ್ಬಿ ತಂಬಿಟ್ಟು ತುಂಬಿಕೊಂಡು ನಮ್ಮ ಜೊತೆಯೇ ವಾಪಸ್ಸು ಬಂತು. ಅಂದಿನಿಂದ ಅದಕ್ಕೆ ನೆಲೆಯಾಗಿ ನಿಲ್ಲುವ ಭಾಗ್ಯವಿಲ್ಲ.

ಈ ವರ್ಷದ ಮೊದಲ ಪಾಠಕ್ಕೆ ನಾನು ಅದೇ ಡಬ್ಬಿ ಹಿಡಿದು ಹೋದೆ. ಸೂತ್ರ ಹೇಳಲಿಲ್ಲ. ಮುಚ್ಚಳ ತೆರೆದು, ಪೆನ್ನು ಬಿಚ್ಚಿ ಕೂತಿದ್ದ ಕೊಣನೂರಿನ ಹುಡುಗಿಯ ಮುಂದೆ ಕ್ಯಾರಲ್ ಮಾಡಿದಂಥದೇ ಮುಸುಕಿನ ಜೋಳದ ರೊಟ್ಟಿ ಹಿಡಿದೆ.

"ಬ್ಯಾಡ ಸಾ, ಈಗ್ ತಾನೆ ತಿಂಡಿ ಆಯ್ತು" ಎಂದಳು.

ನಾನು ಎರಡನೆಯ ಸಲ ಕೇಳಿದೆ.