ಅಕ್ಕನ ಊದಿದ ಕಾಲು

ಅಮ್ಮನ ಮೇಲಿನ ಸಿಟ್ಟು ನನಗೆ ಈ ಮುಪ್ಪಿನಲ್ಲೂ ಇಳಿದಿಲ್ಲ. ಇಳಿಯುವುದೂ ಬೇಡ.

ಅಕ್ಕ ಚೊಚ್ಚಲ ಬಾಣಂತನಕ್ಕೆ ಸಿದ್ದಾಪುರದ ನಮ್ಮ ಮನೆಗೆ ಬಂದಿದ್ದಳು. ನಾನಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದ್ದ ಹುಡುಗಿ. ನೆಲ ಮುಟ್ಟಿದರೆ ವಾಯು ಆಗುತ್ತದೆಂದು ಅಮ್ಮ ಅಕ್ಕನನ್ನು ಮಂಚದಿಂದ ಇಳಿಯಗೊಡಲಿಲ್ಲ. ಹೆತ್ತ ಹತ್ತನೆಯ ದಿನ ಅವಳ ಎಡಗಾಲು ತೊಡೆಯವರೆಗೆ ಊದಿ ಬೆಳ್ಳಗಾಯಿತು. ಸುದ್ದಿ ಕೇಳಿ ಭಾವ ಶಿರಸಿಯಿಂದ ಡಾಕ್ಟರನ್ನು ಕಳಿಸಿದ. ಅವರು ಬಂದಾಗ ನಾನು ಬಾವಿಕಟ್ಟೆಯಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಅವರು ಹೊರಟಾಗಿತ್ತು.

"ಬಿಸಿ ಎಣ್ಣೆ ಹಚ್ಚಿ ತಿಕ್ಕಿ ಹೇಳಿ ಡಾಕ್ಟ್ರೇ ಹೇಳಿದ್ದ," ಎಂದಳು ಅಮ್ಮ. "ನಿನ್ನ ಕೈ ಮೆತ್ತಗೆ ಇದ್ದು, ನೀನೇ ತಿಕ್ಕು ಕೂಸೇ. ಪಾದದಿಂದ ಮೇಲೆ ನೀವ್ತಾ ಹೋಗು."

ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಮೂರು ದಿನ ತಿಕ್ಕಿದೆ. ಅಕ್ಕ ಹಲ್ಲು ಕಚ್ಚಿ, "ಮೆಲ್ಲಗೆ ಮಾಡೇ" ಎನ್ನುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ನನ್ನ ಕೈ ಅವಳ ತೊಡೆಯ ಮೇಲಿರುವಾಗಲೇ ಎದೆ ಹಿಡಿದುಕೊಂಡು ಎದ್ದು ಕುಳಿತಳು. "ತಂಗೀ, ಉಸ್ರು..." ಅಷ್ಟೇ. ಅಯ್ಯೋ, ನೀರು ತರುವಷ್ಟೂ ಹೊತ್ತು ಕೊಡಲಿಲ್ಲ.

ಮಧ್ಯಾಹ್ನ ಅದೇ ಡಾಕ್ಟರು ಬಂದರು. ಧಾರವಾಡದ ಕಡೆಯವರು. ಎಣ್ಣೆ ಹತ್ತಿದ ಕಾಲು ನೋಡಿದ್ದೇ ಕೂಗಾಡಿದರು. "ನರದಾಗ ರಕ್ತ ಹೆಪ್ಪುಗಟ್ಟೇತಿ, ತಿಕ್ಕಿದ್ರ ಆ ಹೆಪ್ಪು ಕಿತ್ತು ಎದಿಗೆ ಹೋಗ್ತದ, ಕಾಲು ಮುಟ್ಟಬ್ಯಾಡ್ರಿ ಅಂತ ಹೊರಗ ಕರದು ಈ ಅಮ್ಮಾರಿಗೆ ಸಾರಿ ಸಾರಿ ಹೇಳಿದ್ನಲ್ರಿ! ತಿಕ್ಕಿದವ್ರು ಯಾರು?"

ಡಾಕ್ಟರ ಜೊತೆ ಬಂದ ಭಾವ ಬಾಗಿಲಲ್ಲೇ ನಿಂತಿದ್ದ. ನಾನು ಅಮ್ಮನ ಮುಖ ನೋಡಿದೆ.

"ಇವಳೇ ಡಾಕ್ಟ್ರೇ," ಎಂದಳು ಅಮ್ಮ. "ಬೇಡ ಬೇಡ ಅಂದ್ರೂ ಕೇಳಲಿಲ್ಲ."

ಹೆತ್ತವಳು ಸುಳ್ಳು ಹೇಳುತ್ತಿದ್ದಾಳೆಂದು ಅಕ್ಕನ ಹೆಣದ ಮುಂದೆ ಹೇಗೆ ಹೇಳಲಿ? ಆಮೇಲೆ ಅಡಿಗೆಮನೆಯಲ್ಲಿ ಅಮ್ಮನನ್ನು ಹಿಡಿದು ಕೇಳಿದೆ.

"ಆನು ವಾಯು ಹೇಳಿಯೇ ತಿಳ್ಕಂಡಿದ್ದಿ. ಡಾಕ್ಟ್ರು ಬ್ಯಾಡ ಹೇಳಿದ್ದು ಗೊತ್ತಾಗಿದ್ರೆ ನೀ ತಿಕ್ತಿದ್ಯನೇ?" ಅಮ್ಮ ಅಳುತ್ತಿದ್ದಳು. "ಆನು ನಾಳೆಯಿಂದ ಅಳಿಯನ ಮುಖ ನೋಡಕಾಗ್ತು. ನೀ ಸಣ್ಣವಳು. ನಿಂದು ಜನ ಮರ್ತು ಬಿಡ್ತ."

ಮರೆಯಲಿಲ್ಲ. ಅಕ್ಕನ ಆ ಮಗಳನ್ನು ನಾನೇ ಸಾಕಿದೆ. ಅವಳು ಹೆತ್ತಾಗ ಎಣ್ಣೆ ಹಚ್ಚಿ ಮೀಯಿಸಲು ಸೆರಗು ಸಿಕ್ಕಿಸಿಕೊಂಡು ಹೋದರೆ, ಮಂಚದ ಮೇಲೆ ಎರಡೂ ಕಾಲು ಮಡಚಿಕೊಂಡು ಗೋಡೆಗೆ ಸರಿದಳು.