ಹತ್ತು ಕೊಳಗ ಒಂಬತ್ತಾದದ್ದು

ಬನವಾಸಿ ಕಡೆಯ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಮಾವ, ನನ್ನ ಗಂಡ, ನಾನು. ಮೊದಲ ಸುಗ್ಗಿಯಲ್ಲೇ ಮಾವ ಉಗ್ರಾಣದ ಬಾಗಿಲ ಬಳಿಯಿದ್ದ ಮರದ ಕೊಳಗವನ್ನು ನನ್ನ ಕೈಗೆ ಕೊಟ್ಟು, "ಇನ್ನ ಮ್ಯಾಲ ಅಳಿಯೂದು ನಿನ್ನ ಕೆಲಸ, ಯವ್ವಾ" ಎಂದರು. ಮನೆಖರ್ಚಿನ ಭತ್ತ, ಬಿತ್ತನೆಯ ಭತ್ತ, ಕೊಯ್ಲಿಗೆ ಬಂದವರ ಕೂಲಿಯ ಭತ್ತ, ಎಲ್ಲವೂ ಅದರಲ್ಲೇ. ಕಿರವತ್ತಿಯ ನನ್ನ ತವರಿನಲ್ಲಿ ಹೆಣ್ಣುಮಕ್ಕಳು ಕಣದಲ್ಲಿ ಕೊಳಗ ಮುಟ್ಟುವಂತಿರಲಿಲ್ಲ. ಹಾಗಾಗಿ ನನಗೆ ಹೆಮ್ಮೆಯೇ ಆಯಿತು. ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎನ್ನಬೇಕೆಂದೂ ಅವರೇ ಕಲಿಸಿದರು. ಲಾಭ, ಎರಡು, ಮೂರು ಎಂದು ನಾಲ್ಕು ವರ್ಷ ಅಳೆದೆ.

ಭತ್ತ ಕೊಳ್ಳಲು ಶಿರಸಿಯಿಂದ ಒಬ್ಬ ಸಾಹೇಬರು ಗಾಡಿಗಳನ್ನು ಕಟ್ಟಿಸಿಕೊಂಡು ಬರುತ್ತಿದ್ದರು. ಕೊಳಗವನ್ನೂ ಅವರೇ ತರುತ್ತಿದ್ದರು. ನಾನು ಹತ್ತು ಕೊಳಗ ಎಂದು ಅಳೆದಿಟ್ಟದ್ದು ಅವರ ಕೊಳಗದಲ್ಲಿ ಒಂಬತ್ತೇ ಆಗುತ್ತಿತ್ತು. ಪ್ರತಿ ವರ್ಷವೂ ಹಾಗೆಯೇ. ನನ್ನ ಗಂಡ ಕುದಿಯುತ್ತಿದ್ದರು. ಮಾವ ಮಾತ್ರ, "ಕೊಳ್ಳಾವರ ಕೊಳಗ ಯಾವತ್ತಿದ್ರೂ ದೊಡ್ಡದ" ಎಂದು ಎದ್ದುಬಿಡುತ್ತಿದ್ದರು.

ಭತ್ತದ ಧಾರಣೆ ಬಿದ್ದು ಎಲ್ಲರೂ ಕಂಗೆಟ್ಟಿದ್ದ ಕಾಲ ಅದು, ಮೂವತ್ತರ ದಶಕದ ನಡುವಿನ ವರ್ಷಗಳು. ನನ್ನ ಗಂಡ ಶಿರಸಿಗೆ ಹೋದಾಗಲೆಲ್ಲ ಒಟ್ಟಾಗಿ ಮಾರುವ ವಿಷಯ ಕೇಳಿಕೊಂಡು ಬರುತ್ತಿದ್ದರು. ಊರಿನ ಭತ್ತವನ್ನೆಲ್ಲ ಒಂದೇ ಮಳಿಗೆಯಲ್ಲಿ ತುಂಬಿಸಿ, ಒಂದೇ ಅಳತೆಯಲ್ಲಿ ಅಳೆದು, ಒಂದೇ ಧಾರಣೆಗೆ ಮಾರಬೇಕು ಎಂಬುದು ಅವರ ಹಂಬಲ. ಮಳಿಗೆ ಇನ್ನೂ ಹುಟ್ಟಿರಲೇ ಇಲ್ಲ, ಅದಕ್ಕೆಂದು ಸರಕಾರದ ಮುದ್ರೆ ಒತ್ತಿದ ಕಬ್ಬಿಣದ ಸೇರೊಂದನ್ನು ಮಾತ್ರ ಕೊಂಡು ತಂದಿದ್ದರು.

ಆ ವರ್ಷ ಒಕ್ಕಣೆ ಮುಗಿಯುವ ಹೊತ್ತಿಗೆ ನಮ್ಮ ಕಣದಲ್ಲೇ ಊರಿನವರು ಸೇರಿದರು. ಸಾಹೇಬರೂ ಅಂದು ಗಾಡಿ ತಂದಿದ್ದರಿಂದ ಬಂದು ಒಂದು ಬದಿಗೆ ಕೂತರು. ಭತ್ತ ತೂರುತ್ತಿದ್ದ ಹೆಣ್ಣಾಳುಗಳು ಕೆಲಸ ನಿಲ್ಲಿಸಿ ಹುಲ್ಲಿನ ಬಣವೆಯ ನೆರಳಿಗೆ ಸರಿದರು. ನಾನು ಬಾಗಿಲಲ್ಲಿ ನಿಂತೆ.

"ಒಬ್ಬೊಬ್ರ ಮಾರಿದ್ರ ಅವರು ಹೇಳಿದ ಧಾರಣಿಗೆ ಕೊಡಬೇಕು. ಕೂಡಿ ಮಾರಿದ್ರ ಧಾರಣಿ ನಾವು ಹೇಳಬಹುದು" ಎಂದರು ನನ್ನ ಗಂಡ.

ಪಕ್ಕದ ಮನೆಯ ಹಿರಿಯರು ತಲೆಯಾಡಿಸಿದರು. "ನನ್ನ ಭತ್ತ ನನ್ನ ಬಾಗಿಲಾಗ ಮಾರತೀನಿ. ಮಗಳ ಬಾಣಂತನಕ್ಕ ಇವತ್ತ ರೊಕ್ಕ ಬೇಕಂದ್ರ ಇವತ್ತ ಮಾರತೀನಿ. ನಿಮ್ಮ ಮಳಿಗಿ ಮುಂದ ಕೈ ಕಟಗೊಂಡು ನಿಂದ್ರೂದು ನನ್ನಿಂದ ಆಗೂದಿಲ್ಲ. ನನ್ನ ಸಣ್ಣ ಭತ್ತ ನಿನ್ನ ದಪ್ಪ ಭತ್ತದ ಕೂಡ ಬೆರಸಿದ್ರ ಅದಕ್ಕ ಯಾವ ಧಾರಣಿ?"

ಹಲವರು ಹೌದೆಂದರು. ಮಾತು ಕೈಜಾರುತ್ತಿದೆ ಎನ್ನಿಸಿ ನನ್ನ ಗಂಡ ಸಾಹೇಬರ ಕಡೆ ತಿರುಗಿದರು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಮ್ಮ ಹತ್ತು ಕೊಳಗ ನಿಮ್ಮ ಕೊಳಗದಾಗ ಒಂಬತ್ತು ಹೆಂಗ ಆಗತೈತಿ?"

ಸಾಹೇಬರಿಗೆ ಸಿಟ್ಟು ಬರಲಿಲ್ಲ. "ಮುದ್ರೆ ಸೇರು ನಿಮ್ಮ ಹತ್ರಾನ ಐತಲ್ರಿ. ನನ್ನ ಕೊಳಗ ಇಲ್ಲೇ ಐತಿ. ಅಳದ ನೋಡ್ರಿ" ಎಂದರು.

ಎಂಟು ಸೇರಿಗೆ ಒಂದು ಕೊಳಗ ಎಂಬುದು ನಮ್ಮ ಕಡೆಯ ಲೆಕ್ಕ. ನನ್ನ ಗಂಡ ಒಂದೊಂದೇ ಸೇರು ತುಂಬಿ ಸಾಹೇಬರ ಕೊಳಗಕ್ಕೆ ಸುರಿದರು. ಎಂಟನೆಯದು ಬಿದ್ದಾಗ ಭತ್ತ ಕೊಳಗದ ಬಾಯಿಗೆ ಸರಿಸಮನಾಗಿ ನಿಂತಿತು. ಅವರು ಅದನ್ನು ಕೆಡವಿ ಮತ್ತೊಮ್ಮೆ ಅಳೆದರು. ಮತ್ತೆ ಎಂಟೇ.

"ನಮ್ಮ ಕೊಳಗ ತಗೊಂಡು ಬಾ" ಎಂದು ನನ್ನನ್ನು ಕರೆದರು. ನಾನು ತಂದುಕೊಟ್ಟೆ. ಮಾವ ಏನೋ ಹೇಳಲು ಬಾಯಿ ತೆರೆದವರು ತಲೆ ತಗ್ಗಿಸಿದರು. ಏಳನೆಯ ಸೇರಿಗೇ ಕೊಳಗ ಮೇಲಿನವರೆಗೆ ಬಂದಿತ್ತು. ಎಂಟನೆಯದು ಹೆಚ್ಚುಕಡಿಮೆ ಪೂರ್ತಿಯಾಗಿ ನೆಲಕ್ಕೆ ಚೆಲ್ಲಿತು.

ನನ್ನ ಗಂಡ ಕೊಳಗ ಬರಿದು ಮಾಡಿ ಒಳಗೆ ಕೈ ಹಾಕಿದರು. ತಳದಲ್ಲಿ ಇನ್ನೊಂದು ಹಲಗೆ ಕೂಡಿಸಿದ್ದರು. ಆ ಹಲಗೆಯ ಅಂಚು ನನ್ನ ಬೆರಳಿಗೂ ಎಷ್ಟೋ ಸಲ ತಗುಲಿತ್ತು. ತಳ ಒಡೆದದ್ದಕ್ಕೆ ರಿಪೇರಿ ಮಾಡಿಸಿರಬೇಕು ಎಂದುಕೊಂಡಿದ್ದೆ. ಕೊಯ್ಲಿನವರ ಕೂಲಿಯನ್ನೂ ಅದರಲ್ಲೇ ಅಳೆದುಕೊಟ್ಟಿದ್ದೆ.

"ನಮ್ಮಪ್ಪನ ಕಾಲದ್ದು" ಎಂದರು ಮಾವ, ಯಾರನ್ನೂ ನೋಡದೆ.

ಪಕ್ಕದ ಮನೆಯ ಹಿರಿಯರು ನನ್ನ ಗಂಡನಿಗೆ ತಗ್ಗಿದ ದನಿಯಲ್ಲಿ ಹೇಳಿದರು: "ಈಗ ತಿಳೀತೇನಪಾ? ಮಳಿಗಿ ಬಂದ್ರ ಮುದ್ರೆ ಸೇರು ಬರತೈತಿ. ಬಂದದ್ದು ಮಳಿಗ್ಯಾಗ ಸುಮ್ನ ಕುಂದ್ರೂದಿಲ್ಲ, ಎಲ್ಲಾರ ಕಣಕ್ಕೂ ಬರತೈತಿ."

ಸಭೆ ಅಲ್ಲಿಗೆ ಮುರಿಯಿತು. ಸಾಹೇಬರು ಗೆದ್ದೆನೆಂದು ಬೀಗದೆ ಗಾಡಿ ಕಟ್ಟಿಸಿಕೊಂಡು ಹೋದರು. ನಾನು ಮಾತ್ರ ಬಣವೆಯ ಕಡೆ ನೋಡಲಾರದೆ ನಿಂತಿದ್ದೆ. ಹೆಣ್ಣಾಳುಗಳಲ್ಲಿ ಹಿರಿಯಳಾದವಳು ತಾನೇ ನನ್ನ ಹತ್ತಿರ ಬಂದಳು. ನಾಲ್ಕು ವರ್ಷವೂ ನನ್ನಿಂದ ಕೂಲಿ ಅಳೆಸಿಕೊಂಡವಳು ಅವಳು.

"ನನಗ ಗೊತ್ತಿರಲಿಲ್ಲ" ಎಂದೆ.

"ನಮಗ ಗೊತ್ತಿತ್ರೀ ಅವ್ವಾರ."

ಆ ಮಾತು ಕೊಟ್ಟ ಪೆಟ್ಟನ್ನು ಕೊಳಗವೂ ಕೊಟ್ಟಿರಲಿಲ್ಲ. ನಾನು ಲಾಭ, ಎರಡು, ಮೂರು ಎಂದು ಎಣಿಸುವಾಗ ಅವಳು ಎಲ್ಲವನ್ನೂ ತಿಳಿದೇ ಸೆರಗು ಒಡ್ಡಿ ನಿಂತಿದ್ದಳು.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾರೆ ಮನಿ ನೋಡಬೇಕಿತ್ತು. ಅಲ್ಲೂ ಇಂಥಾದ್ದ ಐತಿ. ನೀವು ಮ್ಯಾಲ ಒಂದು ಬೊಗಸಿ ಹಾಕ್ತಿದ್ರಿ, ಅದಕ್ಕ ಇಲ್ಲೇ ಇದ್ವಿ."

ಮರುದಿನ ಕೂಲಿ ಅಳೆಯುವಾಗ ನಾನು ಯಾರನ್ನೂ ಕೇಳದೆ ಮುದ್ರೆಯ ಸೇರನ್ನು ತೆಗೆದುಕೊಂಡು ಕಣಕ್ಕಿಳಿದೆ. ಮಾವ ಜಗಲಿಯ ಮೇಲಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಹಿಂದಿಂದು ಎಲ್ಲಾ ತುಂಬಿ ಕೊಡಾಕ ಆಗೂದಿಲ್ಲ, ತಿಳಕೊ" ಎಂದಷ್ಟೇ ಹೇಳಿ ಒಳಗೆ ಹೋದರು. ನನ್ನ ಗಂಡ ಪಕ್ಕದಲ್ಲಿ ಕೂತು ಸೇರು ತುಂಬಿಕೊಟ್ಟರು. ನಾನೇ ಎಣಿಸಿದೆ. ಅಂದು ಮೊದಲಿನದಕ್ಕೆ 'ಒಂದು' ಎಂದೆ.

ವಾರದೊಳಗೆ ಬೇರೆ ಕಣಗಳಲ್ಲೂ ಆಳುಗಳು ಮುದ್ರೆಯ ಸೇರು ಕೇಳತೊಡಗಿದರು. ಊರಿನ ಕೆಲವು ಮನೆಗಳವರು ನಮ್ಮೊಂದಿಗೆ ಆ ಇಡೀ ವರ್ಷ ಮಾತು ಬಿಟ್ಟರು. ನೀರು ಸೇದಲು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಎರಡು ಸುಗ್ಗಿ ಕಳೆದ ಮೇಲೆ ಮಳಿಗೆ ಶುರುವಾಯಿತು, ಅರ್ಧ ಊರು ಮಾತ್ರ ಸೇರಿತು. ಪಕ್ಕದ ಮನೆಯ ಹಿರಿಯರು ಕೊನೆಯವರೆಗೂ ತಮ್ಮ ಬಾಗಿಲಲ್ಲೇ ಸಾಹೇಬರಿಗೆ ಮಾರಿದರು. ನೋಡಿದರೆ ಕೆಲವು ವರ್ಷ ಅವರಿಗೇ ಹೆಚ್ಚು ಧಾರಣೆ ಸಿಕ್ಕಿತು.

ಆ ಹಿರಿಯ ಹೆಣ್ಣಾಳು ನಮ್ಮ ಮನೆಗೇ ಬರುತ್ತಿದ್ದಳು. ಒಮ್ಮೆಯೂ ನನ್ನನ್ನು ಹೊಗಳಲಿಲ್ಲ. ನಾನು ಹೊಗಳಿಕೆಗೆ ಕಾದಿದ್ದೆ ಎಂಬುದು ನನಗೇ ತಿಳಿದದ್ದು ಬಹಳ ದಿನಗಳ ಮೇಲೆ, ಅವಳು ತೀರಿಕೊಂಡ ಸುದ್ದಿ ಬಂದ ದಿನ.